ಸಲ್ಖನ್‌ನ ಸುಣ್ಣದಕಲ್ಲನ್ನು ಕಾಯುವ ಕಾನೂನು ಯಾವುದು?

ಉತ್ತರ ಪ್ರದೇಶದ ಸೋನ್‌ಭದ್ರ ಜಿಲ್ಲೆಯ ಸಲ್ಖನ್ ಪಳೆಯುಳಿಕೆ ಉದ್ಯಾನದ ವಿಸ್ತಾರ ಸುಮಾರು 25 ಹೆಕ್ಟೇರ್, ಅಲ್ಲಿನ ಕಲ್ಲಿನ ವಯಸ್ಸು ಸುಮಾರು 140 ಕೋಟಿ ವರ್ಷ. ಎಲುಬು, ಚಿಪ್ಪು ಹುಡುಕಬೇಡಿ, ಇರುವುದು ಸ್ಟ್ರೊಮ್ಯಾಟೊಲೈಟ್. ಆಳವಿಲ್ಲದ ಕಡಲಿನಲ್ಲಿ ಸಯನೋಬ್ಯಾಕ್ಟೀರಿಯಾ ಎಂಬ, ಬಿಸಿಲಿನಿಂದ ಆಹಾರ ತಯಾರಿಸುವ ಸೂಕ್ಷ್ಮಜೀವಿಗಳ ಲೋಳೆಪದರಕ್ಕೆ ಸುಣ್ಣದ ಹುಡಿ ಅಂಟಿ, ಅದರ ಮೇಲೆ ಮತ್ತೊಂದು ಪದರ ಬೆಳೆದು ಆದದ್ದು. ಸವೆದ ಕಡೆ ಅಡ್ಡ ಕೊಯ್ದ ಈರುಳ್ಳಿಯಂತೆ ಬಳೆಬಳೆಯಾಗಿ ಕಾಣುತ್ತದೆ. ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿ ಉದ್ಯಾನದ ಹೆಸರಿದೆ. ಅದು ಸರದಿಯ ಸಾಲು, ಪದವಿಯಲ್ಲ.

ಒಂದು ಮಾತು ನೆನಪಿಡಿ: ಇಲ್ಲಿ ಪಳೆಯುಳಿಕೆ ಬೇರೆ, ಸುಣ್ಣದಕಲ್ಲು ಬೇರೆ ಅಲ್ಲ. ಕಿತ್ತು ಸಂಗ್ರಹಾಲಯದಲ್ಲಿಟ್ಟು ಕಾಪಾಡಿದೆವು ಎನ್ನಲಾಗದು. ನೆಲವನ್ನೇ ಕಾಯಬೇಕು.

ಯಾವ ಕಾನೂನಿನಡಿ? ನಾನು ಎಡವಿದ್ದು ಇಲ್ಲೇ. ಅಭ್ಯಾಸ ಪರೀಕ್ಷೆಯಲ್ಲಿ '1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ' ಎಂದು ಧೈರ್ಯವಾಗಿ ಬರೆದೆ. ನನ್ನ ತರ್ಕ ಹೀಗಿತ್ತು: ಆ ಕಾಯ್ದೆಗೆ ನೂರು ವರ್ಷ ಹಳತಾಗಿದ್ದರೆ ಸಾಕು, ಇದು 140 ಕೋಟಿ ವರ್ಷದ್ದು. ಅಂಕ ಸೊನ್ನೆ. ವ್ಯಾಖ್ಯೆಯನ್ನು ಪೂರ್ತಿ ಓದಿದಾಗ ತಪ್ಪು ತಿಳಿಯಿತು. ಗುಹೆ, ಏಕಶಿಲೆ ಎಂಬ ಪದಗಳೂ ಅಲ್ಲಿವೆ, ಆದರೆ ಅವುಗಳಿಗೆ ಐತಿಹಾಸಿಕ, ಪುರಾತತ್ತ್ವದ ಅಥವಾ ಕಲಾತ್ಮಕ ಮಹತ್ವ ಇರಬೇಕು. ಮೂರೂ ಮನುಷ್ಯ ಹುಟ್ಟಿದ ಮೇಲಿನ ಮಾತು. ಲಾಲ್‌ಬಾಗ್ ಬಂಡೆಯನ್ನು 'ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ' ಎನ್ನುತ್ತೇವಲ್ಲ, ಆ 'ಸ್ಮಾರಕ' ಪದವೇ ನನ್ನನ್ನು ದಾರಿ ತಪ್ಪಿಸಿತು. ಅದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಘೋಷಣೆ, 1958ರ ಕಾಯ್ದೆಯದ್ದಲ್ಲ.

ಹಾಗಾದರೆ ಸಲ್ಖನ್ ಉಳಿದಿರುವುದು ಹೇಗೆ? ಉದ್ಯಾನವಿರುವುದು ಕೈಮೂರ್ ವನ್ಯಜೀವಿಧಾಮದಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಕಲಮಿನ ಪ್ರಕಾರ, ಅನುಮತಿಯಿಲ್ಲದೆ ವನ್ಯಜೀವಿಧಾಮದಿಂದ ಅರಣ್ಯ ಉತ್ಪನ್ನವನ್ನು ಒಯ್ಯುವಂತಿಲ್ಲ. ಕಲ್ಲು ಅರಣ್ಯ ಉತ್ಪನ್ನವೇ? ಈ ಪದದ ಅರ್ಥಕ್ಕೆ ಕಾಯ್ದೆ ನಮ್ಮನ್ನು 1927ರ ಅರಣ್ಯ ಕಾಯ್ದೆಗೆ ಕಳುಹಿಸುತ್ತದೆ. ಅಲ್ಲಿನ ಪಟ್ಟಿಯಲ್ಲಿ ಎಲೆ, ಹೂವು, ಜೇನು, ಮೇಣಗಳ ಜತೆಗೆ ಬಂಡೆಯೂ ಖನಿಜವೂ ಇವೆ. ಸುಣ್ಣದಕಲ್ಲಂತೂ ಹೆಸರು ಸಮೇತ ಇದೆ! ಅಂದರೆ ಭೂಮಿಯ ಅತಿ ಹಳೆಯ ಜೀವಗಳಲ್ಲೊಂದರ ಗುರುತನ್ನು ಕಾನೂನು ಕಾಯುತ್ತಿರುವುದು ಜೇನುತುಪ್ಪದ ಸಾಲಿನಲ್ಲಿ ಕೂರಿಸಿ. ಈ ಸಾಲನ್ನು ನಾನು ಮೂರು ಸಲ ಓದಿದೆ.

ನನ್ನ ಸೂತ್ರ: ಕಲ್ಲಿನ ವಯಸ್ಸು ಕೇಳಬೇಡ, ನೆಲದ ಜಾತಕ ಕೇಳು, ಅಂದರೆ ಅದು ಯಾವ ಕಾನೂನಿನಡಿಯ ನೆಲ ಎಂದು. ತಮಿಳುನಾಡಿನ ಅರಿಯಲೂರಿಗೆ ಇದನ್ನು ಹಚ್ಚಿ ನೋಡಿ. ಡೈನೊಸಾರ್‌ಗಳ ಕಾಲದ ಕಡಲಜೀವಿಗಳ ಚಿಪ್ಪು ತುಂಬಿದ ಸುಣ್ಣದಕಲ್ಲು ಅಲ್ಲಿದೆ. ಗಣಿ ಗುತ್ತಿಗೆಯ ನೆಲದಲ್ಲಿ ಅದೇ ಕಲ್ಲು 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಬರೀ ಖನಿಜ. ಅಮೊನೈಟ್ (ಸುರುಳಿ ಚಿಪ್ಪಿನ ಅಳಿದುಹೋದ ಕಡಲಜೀವಿ) ಸಮೇತ ಸಿಮೆಂಟ್ ಗೂಡು ಸೇರುತ್ತದೆ. ಗಣಿಯ ಗೋಡೆ ತೆರೆದುಕೊಂಡಿದ್ದರಿಂದಲೇ ಎಷ್ಟೋ ಪಳೆಯುಳಿಕೆ ಕಣ್ಣಿಗೆ ಬಿದ್ದಿವೆ ಎಂಬುದೂ ನಿಜ, ಪರೀಕ್ಷೆಯ ಉತ್ತರದಲ್ಲಿ ಎರಡನ್ನೂ ಬರೆಯಿರಿ.

2022ರ ಡಿಸೆಂಬರ್‌ನಲ್ಲಿ ಗಣಿ ಸಚಿವಾಲಯ ಹೊರಡಿಸಿದ, ಭೂವೈಜ್ಞಾನಿಕ ಮಹತ್ವದ ತಾಣಗಳನ್ನು ಕಾಯುವ ಭೂಪರಂಪರೆ ಮಸೂದೆಯನ್ನು 'ಕರಡು' ಎಂದೇ ನಮೂದಿಸಿ, ಕಾಯ್ದೆ ಎನ್ನಬೇಡಿ.

ಬಾಗಲಕೋಟೆ ಸುತ್ತಿನ ಕಲಾದಗಿ ಶಿಲಾಸ್ತರಗಳಲ್ಲೂ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಅಲ್ಲಿಯ ಒಂದೊಂದು ಸರ್ವೆ ನಂಬರಿನ ಜಾತಕ ನೋಡುವುದು ಮುಂದಿನ ಅಭ್ಯಾಸ.