ಕೋಡಿಗೆ ಚೀಲ ಒಟ್ಟಬೇಡಿ

ನವಲಗುಂದ ತಾಲ್ಲೂಕಿನ ಒಂದು ಊರು. ಬೆಣ್ಣೆಹಳ್ಳಕ್ಕೆ ಸೇರುವ ಸಣ್ಣ ಹಳ್ಳವೊಂದಕ್ಕೆ ಅಡ್ಡವಾಗಿ ಮಣ್ಣಿನ ಒಡ್ಡು ಹಾಕಿದ್ದಾರೆ. ಜೋರು ಮಳೆ ಬಂದಾಗ ನೀರನ್ನು ಒಂದಷ್ಟು ಹೊತ್ತು ಹಿಡಿದಿಟ್ಟು, ತಳದ ತೂಬಿನಿಂದ ನಿಧಾನವಾಗಿ ಬಿಡೋದು ಅದರ ಕೆಲಸ. ತೂಬಿಗೆ ಬಾಗಿಲೇ ಇಲ್ಲ. ಬೇಕಂತಲೇ ಇಟ್ಟಿಲ್ಲ.

ನಾನು ನೋಡಲು ಹೋದಾಗ, ತುಂಬಿ ಹೆಚ್ಚಾದ ನೀರು ಹೊರಹೋಗುವ ಕೋಡಿಯ ಮೇಲೆ ಮಣ್ಣಿನ ಚೀಲ ಸಾಲಾಗಿ ಒಟ್ಟಿದ್ದರು. ತೂಬಿನ ಬಾಯಿಗೆ ಗೋಣಿತಟ್ಟು ತುರುಕಿದ್ದರು.

"ಇಷ್ಟು ನೀರು ಬಿಟ್ಟರ ಬ್ಯಾಸಗ್ಯಾಗ ದನಕ್ಕ ಏನ್ ಕುಡಸೂದ್ರೀ ಸಾಹೇಬ್ರ?" ಎಂದರು ಹಿರಿಯರೊಬ್ಬರು. ಬರ ಕಂಡವರ ಮಾತು, ಸುಮ್ನೆ ತಳ್ಳಿಹಾಕುವಂಥದ್ದಲ್ಲ.

ಆದರೆ ಇದು ಕೆರೆಯಲ್ಲ. ಇದರಲ್ಲಿ ಬೆಲೆ ಇರೋದು ಖಾಲಿ ಜಾಗಕ್ಕೆ. 1 ಚದರ ಕಿಲೋಮೀಟರ್ ಹೊಲದ ಮೇಲೆ 50 ಮಿಲಿಮೀಟರ್ ಮಳೆ ಸುರಿದು, ಅರ್ಧ ಇಂಗಿ ಅರ್ಧ ಹರಿದು ಬಂತು ಅನ್ನಿ. ಅದೇ 2.5 ಕೋಟಿ ಲೀಟರ್! 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 5,000 ಟ್ಯಾಂಕರ್. ಒಡ್ಡು ಮೊದಲೇ ತುಂಬಿ, ಕೋಡಿಯೂ ಕಟ್ಟಿದ್ದರೆ ಅಷ್ಟು ನೀರು ಒಡ್ಡಿನ ನೆತ್ತಿ ಮೇಲೆಯೇ ಹೋಗಬೇಕು ಅಲ್ವಾ? ಮಣ್ಣಿನ ಒಡ್ಡು ಅದನ್ನು ತಾಳಲ್ಲ. ಹಿಂಬದಿಯ ಇಳಿಜಾರಿನಲ್ಲಿ ಬೆರಳಗಲದ ಕೊರಕಲು ಬೀಳುತ್ತದೆ, ಕೆಲವೇ ತಾಸಿನಲ್ಲಿ ಅದು ಬಂಡಿ ಹಾಯುವಷ್ಟಾಗುತ್ತದೆ. ಆಮೇಲೆ ಒಡ್ಡೇ ಇಲ್ಲದಿದ್ದರೆ ಬರುತ್ತಿದ್ದ ನೀರಿಗಿಂತ ಜಾಸ್ತಿ ನೀರು, ಒಂದೇ ಸಲಕ್ಕೆ ಊರಿಗೆ ನುಗ್ಗುತ್ತದೆ.

ನಮ್ಮ ಎರೆ ಮಣ್ಣಿನ ಸ್ವಭಾವ ಬೇರೆ. ನೆನೆದರೆ ಉಬ್ಬಿ ನೀರು ಬಿಡದಂತೆ ಕೂರುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರಿಯುತ್ತದೆ. ಅದಕ್ಕೇ ಅದನ್ನು ಒಡ್ಡಿನ ಹೊಟ್ಟೆಗೆ ಹಾಕಿ, ಎರಡೂ ಬದಿಗೆ ಗರಸು, ಅಂದರೆ ಹರಳು ಬೆರೆತ ಗಟ್ಟಿ ಮಣ್ಣು, ಹೊದಿಸಬೇಕು. ಇಲ್ಲಿ ಗರಸು ದೂರ ಅಂತ ಪೂರ್ತಿ ಎರೆ ಮಣ್ಣನ್ನೇ ಸುರಿದಿದ್ದರು. ಮೈತುಂಬ ಬಿರುಕು.

ಒಡ್ಡಿನ ಹಿಂದಿನ ಬುಡದಲ್ಲಿ ನೀರು ಜಿನುಗುತ್ತಿತ್ತು. ಸ್ಟೀಲ್ ಚರಗಿ ತರಿಸಿ ಹಿಡಿದು ನೋಡಿದೆ. ನೀರು ತಿಳಿಯಾಗಿದ್ದರೆ ಅಷ್ಟು ಭಯವಿಲ್ಲ, ಜಿನುಗು ಹೆಚ್ಚುತ್ತಿದೆಯಾ ಅಂತ ದಿನಾ ನೋಡಿಕೊಂಡರಾಯಿತು. ಐದು ನಿಮಿಷ ಬಿಟ್ಟು ನೋಡಿದರೆ ಚರಗಿಯ ತಳದಲ್ಲಿ ಕರಿ ಮಣ್ಣು ಕೂತಿತ್ತು. ಅಂದರೆ ಒಡ್ಡು ಒಳಗಿನಿಂದಲೇ ಕರಗುತ್ತಿದೆ. ಹಿರಿಯರ ಕೈಗೆ ಚರಗಿ ಕೊಟ್ಟೆ. ಬೇರೇನೂ ಹೇಳಲಿಲ್ಲ.

ದನದ ನೀರಿಗೆ ದಾರಿ ಇದೆ: ಒಡ್ಡಿನ ಬುಡದಿಂದ ದೂರದಲ್ಲಿ, ತೂಬಿನ ಮಟ್ಟಕ್ಕಿಂತ ಕೆಳಗೆ ಹೊಂಡ ತೋಡುವುದು. ಪ್ರವಾಹದ ಜಾಗ ಖಾಲಿ, ಹೊಂಡ ಭರ್ತಿ. ಜಾಗವನ್ನು ಅವರೇ ತೋರಿಸಿದರು.

ಚೀಲಗಳನ್ನು ಅವತ್ತು ಸಂಜೆಯೇ ಇಳಿಸಿದರು. ಗೋಣಿತಟ್ಟು ಮಾತ್ರ ಕೆಸರಲ್ಲಿ ಹೂತು, ಕೀಳೋಕೆ ಎರಡು ದಿನ ಹಿಡಿಯಿತು.