ಗಾಳಿಯೇ ಇಲ್ಲದ ಕಡೆ ರಾಕೆಟ್ ಯಾವುದನ್ನು ಒದೆಯುತ್ತದೆ?

ವಿರಾಜಪೇಟೆಯ ಓದುಗರೊಬ್ಬರ ಪ್ರಶ್ನೆ: "ಸರ್, ಕ್ಷಿಪಣಿಯ ಎಂಜಿನ್ ಹಿಂದಿನ ಗಾಳಿಯನ್ನು ಒದ್ದು ಮೇಲೇರುತ್ತದೆ. ಮೇಲೆ ಗಾಳಿಯೇ ಇಲ್ಲವಲ್ಲ, ಅಲ್ಲಿ ಏನು ಗತಿ?"

ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ತಪ್ಪಿದೆ. ತಪ್ಪು ಪ್ರಶ್ನೆಯ ಮೊದಲ ಸಾಲಿನಲ್ಲೇ ಇದೆ. ರಾಕೆಟ್ ಗಾಳಿಯನ್ನು ಒದೆಯುವುದಿಲ್ಲ.

ಕೈಲ್‌ಪೊಳ್ದ್ ಎಂಬ ಕೊಡವರ ಆಯುಧಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡೆದವರು ಹೇಳಿ, ಕೋವಿ ಹೆಗಲಿಗೆ ಗುದ್ದಿದ್ದು ಯಾಕೆ? ಗುಂಡು ಕಾಯಿಗೆ ತಗುಲಿದ್ದಕ್ಕಲ್ಲ. ಗುರಿ ತಪ್ಪಿದರೂ ಗುದ್ದು ಅಷ್ಟೇ. ಕೋವಿ ಗುಂಡನ್ನು ಮುಂದೆ ಎಸೆಯಿತು, ಆ ಎಸೆತವೇ ಕೋವಿಯನ್ನು ಹಿಂದೆ ತಳ್ಳಿತು. ಹೂಮಳೆ ಕೈಕೊಟ್ಟ ವರ್ಷ ಕಾಫಿ ತೋಟಕ್ಕೆ ನೀರು ಹಾರಿಸುವಾಗ ಪೈಪು ಕೈಯಿಂದ ಹಿಂದಕ್ಕೆ ಜಗ್ಗುವುದೂ ಹೀಗೆಯೇ.

ರಾಕೆಟ್ ಗುಂಡಿನ ಬದಲು ಉರಿದ ಅನಿಲವನ್ನು ಹಿಂದಕ್ಕೆ ಎಸೆಯುತ್ತದೆ, ಆ ಎಸೆತವೇ ಅದನ್ನು ಮುಂದೆ ತಳ್ಳುತ್ತದೆ. ಇನ್ನು ಲೆಕ್ಕ. ಜರ್ಮನಿಯಲ್ಲಿ ಎಂಜಿನಿಯರ್ ವಾಲ್ಟರ್ ಥೀಲ್ ತಂಡ ರೂಪಿಸಿದ, ಎರಡನೇ ಮಹಾಯುದ್ಧದ ವಿ-2 ಕ್ಷಿಪಣಿಯ ಎಂಜಿನ್ ಸೆಕೆಂಡಿಗೆ ಸುಮಾರು 125 ಕಿಲೋ ಅನಿಲವನ್ನು ಸೆಕೆಂಡಿಗೆ ಸುಮಾರು 2,000 ಮೀಟರ್ ವೇಗದಲ್ಲಿ ಉಗುಳುತ್ತಿತ್ತು. ಎರಡನ್ನೂ ಗುಣಿಸಿ: 2,50,000 ನ್ಯೂಟನ್, ಅಂದರೆ ಸುಮಾರು 25 ಟನ್ ನೂಕುಬಲ. ಇದರಲ್ಲಿ ಹೊರಗಿನ ಗಾಳಿಯ ಸಹಾಯ ಎಲ್ಲಿದೆ? ಗಾಳಿ ಅನಿಲದ ದಾರಿಗೆ ಅಡ್ಡ ನಿಲ್ಲುತ್ತದೆ, ಹಾಗಾಗಿ ಮೇಲೇರಿದಂತೆ ನೂಕುಬಲ ಹೆಚ್ಚುತ್ತದೆ! ಉರಿಯಲು ಬೇಕಾದ ಆಮ್ಲಜನಕವನ್ನೂ ಈ ರಾಕೆಟ್ -183 ಡಿಗ್ರಿ ಸೆಲ್ಸಿಯಸ್‌ನ ದ್ರವವಾಗಿ ಹೊತ್ತೇ ಹೋಗುತ್ತದೆ. 1920ರಲ್ಲಿ ನ್ಯೂಯಾರ್ಕ್ ಟೈಮ್ಸ್ ಇದೇ ತಪ್ಪು ತಿಳಿವಳಿಕೆಯಿಂದ ಅಮೆರಿಕದ ರಾಕೆಟ್ ವಿಜ್ಞಾನಿ ರಾಬರ್ಟ್ ಗಾಡರ್ಡ್ ಅವರನ್ನು ಗೇಲಿ ಮಾಡಿತ್ತು. ಅಪೊಲೊ 11 ಚಂದ್ರನತ್ತ ಹೊರಟ ಮರುದಿನ, 1969ರ ಜುಲೈ 17ರಂದು, ತಿದ್ದುಪಡಿ ಹಾಕಿತು. ನೀವು ಅಷ್ಟು ವರ್ಷ ಕಾಯಬೇಡಿ.

ಯಾರೂ ಕೇಳದ ಇನ್ನೊಂದು ಮಾತು ಹೇಳಿಬಿಡುತ್ತೇನೆ, ನನಗೆ ಬಹಳ ಇಷ್ಟವಾದದ್ದು. ಆ ವಿ-2 ಎಂಜಿನ್ನಿನ ಇಂಧನ ಆಲ್ಕೋಹಾಲ್, ಅದರಲ್ಲಿ ಕಾಲು ಭಾಗ ನೀರು. ಇಂಧನಕ್ಕೆ ನೀರು ಬೆರೆಸುವುದೇ? ಹೌದು, ಬೇಕೆಂದೇ. ನೀರು ಜ್ವಾಲೆಯ ಕಾವು ಇಳಿಸುತ್ತದೆ. ಇಲ್ಲದಿದ್ದರೆ ಇಂಧನ ಉರಿಯುವ ಉಕ್ಕಿನ ಕೋಣೆ ಕರಗುತ್ತದೆ. ಆ ಆಲ್ಕೋಹಾಲ್ ಉರಿಯುವ ಮೊದಲು ಕೋಣೆಯ ಜೋಡಿಗೋಡೆಯ ನಡುವೆ ಹರಿದು ಶಾಖ ಹೀರುತ್ತಿತ್ತು. ಸ್ವಲ್ಪ ಪಾಲು ಸಣ್ಣ ತೂತುಗಳಿಂದ ಒಳಗೆ ಜಿನುಗಿ, ಗೋಡೆಗೆ ಪೊರೆಯಂತೆ ಅಂಟಿ, ಬೆಂಕಿಗೂ ಲೋಹಕ್ಕೂ ಮಧ್ಯೆ ನಿಲ್ಲುತ್ತಿತ್ತು. ಗೋಡೆ ಒಂದು ನಿಮಿಷ ತಾಳಿದರೆ ಸಾಕಿತ್ತು. 1942ರ ಅಕ್ಟೋಬರ್ 3ರ ಪರೀಕ್ಷಾ ಹಾರಾಟದಲ್ಲಿ ತಾಳಿತು. ರಾಕೆಟ್ 80 ಕಿ.ಮೀ. ದಾಟಿ ಮೇಲೇರಿತು.