ಹೊಗಳಿಕೆ ಬೇಡ, ವಿವರ ಕೊಡಿ

“ನಮ್ಮ ಬಗ್ಗೆ ನಾವೇ ಹೇಳಿಕೊಳ್ಳುವುದು ಹೇಗೆ ಮಾರಾಯ್ರೆ, ನಾಚಿಕೆ ಆಗ್ತದೆ.” ಪ್ರಚಾರದ ಕೆಲಸಕ್ಕೆಂದು ನನ್ನಲ್ಲಿಗೆ ಬರುವವರಲ್ಲಿ ಹೆಚ್ಚಿನವರ ಮೊದಲ ಮಾತು ಇದು. ಮಂಗಳೂರು, ಉಡುಪಿ, ನಡುವಿನ ಸುರತ್ಕಲ್, ಮೂಲ್ಕಿ, ಕಾಪು ಕಡೆಯ ಸಣ್ಣ ಸಂಸ್ಥೆಗಳವರು, ಒಬ್ಬರೇ ಕೂತು ಕಸುಬು ಮಾಡುವವರು ಇವರೆಲ್ಲ. ವೃದ್ಧಾಶ್ರಮದವರು ಇರುತ್ತಾರೆ, ಮಕ್ಕಳಿಗೆ ಯಕ್ಷಗಾನ ಕಲಿಸುವವರು ಇರುತ್ತಾರೆ, ಭಾವಚಿತ್ರ ಬಿಡಿಸುವವರು, ಕ್ರೋಶಾ ಹಾಕುವವರು, ಮದುವೆಗಳಲ್ಲಿ ಫೋಟೋ ತೆಗೆಯುವವರು ಇರುತ್ತಾರೆ.

ಅದೇ ಮಂದಿ ಕಳಿಸಿದ ಪತ್ರಿಕಾ ಪ್ರಕಟಣೆ ತೆರೆದು ನೋಡಿದರೆ ನಾಚಿಕೆಯ ಸುಳಿವೇ ಇರುವುದಿಲ್ಲ. ಸಂಸ್ಥೆಯ ವಾರ್ಷಿಕೋತ್ಸವ ಇತ್ತೀಚೆಗೆ ವಿಜೃಂಭಣೆಯಿಂದ ಜರಗಿತು. ದೀಪ ಬೆಳಗಿಸಿದವರು ಇಂಥವರು, ಅಧ್ಯಕ್ಷತೆ ಇಂಥವರದು. ಮುಖ್ಯ ಅತಿಥಿಗಳು ಐವರು, ಗೌರವ ಉಪಸ್ಥಿತಿ ನಾಲ್ವರದು. ಕೊನೆಗೆ ಪ್ರಾರ್ಥಿಸಿದವರು, ಸ್ವಾಗತಿಸಿದವರು, ಪ್ರಸ್ತಾವಿಸಿದವರು, ನಿರೂಪಿಸಿದವರು, ವಂದಿಸಿದವರು. ಇಷ್ಟೆಲ್ಲ ಓದಿ ಮುಗಿಸಿದ ಮೇಲೂ ಈ ಸಂಸ್ಥೆ ವರ್ಷವಿಡೀ ಏನು ಮಾಡುತ್ತದೆ ಎಂದು ಗೊತ್ತಾಗುವುದಿಲ್ಲ.

ಇದಕ್ಕೆ ಕಾರಣ ಅಹಂಕಾರ ಅಂತ ನನಗನ್ನಿಸುವುದಿಲ್ಲ. ಒಬ್ಬರ ಹೆಸರು ಬಿಟ್ಟುಹೋದರೆ ಮುಂದಿನ ಸಲ ಅವರು ವೇದಿಕೆಗೂ ಬರಲಿಕ್ಕಿಲ್ಲ, ವಂತಿಗೆಯೂ ಬರಲಿಕ್ಕಿಲ್ಲ. ಆ ಹೆದರಿಕೆಯಲ್ಲೇ ಕಾರ್ಯದರ್ಶಿಗಳು ಪ್ರಕಟಣೆ ಬರೆಯುವುದು. ಹಾಗಾಗಿ ನಾನು ಎರಡು ಬರೆಸುತ್ತೇನೆ. ಒಂದರಲ್ಲಿ ಎಲ್ಲರ ಹೆಸರು, ಶಾಲು ಹೊದಿಸಿದ ಎಲ್ಲರ ಫೋಟೋ; ಅದು ಸಮಿತಿಯ ವಾಟ್ಸಾಪ್ ಗ್ರೂಪಿಗೆ, ಸಂಸ್ಥೆಯ ಫೇಸ್‌ಬುಕ್ ಪುಟಕ್ಕೆ. ಇನ್ನೊಂದು ಪತ್ರಿಕೆಗೆ. ಅದನ್ನು ಓದುವವರು ಸಭೆಗೆ ಬಾರದವರು, ನಿಮ್ಮ ಹೆಸರು ಕೇಳದವರು.

ಹಾಸಿಗೆ ಹಿಡಿದ ರೋಗಿಗಳ ಮನೆಗೆ ದಾದಿಯನ್ನು ಕಳಿಸುವ ಸಂಸ್ಥೆಯೊಂದರ ಉದಾಹರಣೆ ಹೇಳುತ್ತೇನೆ. ಅವರ ಪ್ರಕಟಣೆಯಲ್ಲಿ “ಸಮಾಜಮುಖಿ ಸೇವೆಯಲ್ಲಿ ಅನನ್ಯವಾಗಿ ತೊಡಗಿಸಿಕೊಂಡಿರುವ” ಎಂದಿತ್ತು. ಅದನ್ನು ತೆಗೆದು ನೇರವಾಗಿ ಬರೆದೆವು: ವಾರಕ್ಕೊಮ್ಮೆ ದಾದಿ ಮನೆಗೆ ಬರುತ್ತಾರೆ, ಬೆನ್ನಿನ ಹುಣ್ಣಿಗೆ ಮದ್ದು ಹಚ್ಚುತ್ತಾರೆ, ಕ್ಯಾಥೆಟರ್ ಬದಲಿಸುತ್ತಾರೆ, ಮನೆಯವರಿಗೆ ರೋಗಿಯನ್ನು ಹೊರಳಿಸಿ ಮಲಗಿಸುವುದು ಹೇಗೆಂದು ತೋರಿಸುತ್ತಾರೆ, ಹಣ ಕೇಳುವುದಿಲ್ಲ. ಕೆಳಗೆ ಒಂದು ಸಾಲು: ನಿಮ್ಮ ಮನೆಯ ಅಟ್ಟದಲ್ಲಿ ಉಪಯೋಗ ಮುಗಿದ ವಾಕರ್, ಗಾಲಿಕುರ್ಚಿ, ಏರ್‌ಬೆಡ್ ಇದ್ದರೆ ಈ ನಂಬರಿಗೆ ಫೋನ್ ಮಾಡಿ, ನಾವೇ ಬಂದು ಒಯ್ಯುತ್ತೇವೆ. ವಿಶೇಷಣ ಒಂದೂ ಇಲ್ಲ. ಹೊಗಳಿಕೊಂಡರು ಅಂತ ಯಾರೂ ಹೇಳುವ ಹಾಗಿಲ್ಲ. ಅಟ್ಟ ಹತ್ತಿ ನೋಡಬೇಕು ಅಂತ ನಾಲ್ಕು ಮನೆಯವರಿಗಾದರೂ ಅನಿಸುತ್ತದೆ.

ಕನ್ನಡದ ಮೊದಲ ಪತ್ರಿಕೆ 1843ರಲ್ಲಿ ಹೊರಟದ್ದು ಮಂಗಳೂರಿನಿಂದ. ಇವತ್ತಿಗೂ ಇಲ್ಲಿ ಕಾಫಿಯ ಜೊತೆ ಪೇಪರ್ ಓದುವ ಮನೆಗಳು ಬೇಕಾದಷ್ಟಿವೆ. ಸ್ಥಳೀಯ ಪುಟದ ಬೆಲೆ ಕಮ್ಮಿ ಅಂದುಕೊಳ್ಳಬೇಡಿ. ಆದರೆ ಆ ಪುಟ ಕಟ್ಟುವವರ ಕಷ್ಟವೂ ಗೊತ್ತಿರಲಿ. ಲೆಟರ್‌ಹೆಡ್ಡಿನಲ್ಲಿ ಟೈಪ್ ಮಾಡಿಸಿ, ಸೀಲ್ ಹೊಡೆದು, ಅದರ ಫೋಟೋ ತೆಗೆದು ಕಳಿಸಿದರೆ ಉಪಸಂಪಾದಕರು ಪುನಃ ಕೂತು ಟೈಪ್ ಮಾಡಬೇಕು. ಯೂನಿಕೋಡಿನಲ್ಲಿ ಟೈಪ್ ಮಾಡಿದ ಪಠ್ಯವನ್ನೇ ಕಳಿಸಿ. ವಾಟ್ಸಾಪಿನಲ್ಲಿ ಫೋಟೋ ಹಾಕುವಾಗ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿ, ಇಲ್ಲದಿದ್ದರೆ ಕುಗ್ಗಿ ಮಸುಕಾಗುತ್ತದೆ. ಸಂಜೆ ಮುಗಿದ ಕಾರ್ಯಕ್ರಮದ ಸುದ್ದಿಯನ್ನು ನಾಲ್ಕು ದಿನ ಬಿಟ್ಟು “ಇತ್ತೀಚೆಗೆ” ಎಂದು ಕಳಿಸುವುದಕ್ಕಿಂತ ಕಳಿಸದೇ ಇರುವುದು ವಾಸಿ. ಕಾರ್ಯಕ್ರಮಕ್ಕೆ ಮೊದಲೇ ಬರುವ ಎರಡು ಸಾಲಿನ ಮುನ್ಸೂಚನೆ ಅದಕ್ಕಿಂತ ಹೆಚ್ಚು ಜನರನ್ನು ತರುತ್ತದೆ.

ಒಬ್ಬರೇ ಕಸುಬು ಮಾಡುವವರ ಕಾಯಿಲೆ ಬೇರೆ ಥರದ್ದು. ಇನ್‌ಸ್ಟಾಗ್ರಾಂ ಪುಟ ಚೆನ್ನಾಗಿರುತ್ತದೆ, ಕೆಲಸವೂ ಚೆನ್ನಾಗಿರುತ್ತದೆ, ಬೆಲೆ ಮಾತ್ರ ಇರುವುದಿಲ್ಲ. “ಬೆಲೆಗೆ ಮೆಸೇಜ್ ಮಾಡಿ” ಎಂಬ ಸಾಲು ನನ್ನ ಮಟ್ಟಿಗೆ ಅಂಗಡಿಯ ಶಟರ್ ಅರ್ಧ ಎಳೆದ ಹಾಗೆ. ನಮ್ಮೂರಿನವರಿಗೆ ಬೆಲೆ ಕೇಳಿ, ಜಾಸ್ತಿಯಾಯಿತೆಂದು ಹಿಂದೆ ಸರಿಯುವುದು ದೊಡ್ಡ ಸಂಕೋಚ. ಅದಕ್ಕಿಂತ ಕೇಳದಿರುವುದೇ ಸುಲಭ. ಪೆನ್ಸಿಲ್ ಭಾವಚಿತ್ರ 1,200 ರೂಪಾಯಿಯಿಂದ ಆರಂಭ, ಹತ್ತು ದಿನ ಬೇಕು, ಫ್ರೇಮಿಗೆ ಪ್ರತ್ಯೇಕ, ಅರ್ಧ ಮುಂಗಡ ಎಂದು ಬರೆದುಬಿಡಿ. ಕೇಳುವವರು ಕಮ್ಮಿಯಾಗುತ್ತಾರೆ, ನಿಜ. ಹೋಗುವವರು ಹೇಗೂ ತೆಗೆದುಕೊಳ್ಳದೆ ಇರುತ್ತಿದ್ದವರು.

ಬೆಲೆ ಹಾಕಿದ ಮೇಲೆ “ಅಷ್ಟೊಂದು ಯಾಕೆ” ಅನ್ನುವ ಪ್ರಶ್ನೆಗೆ ಉತ್ತರ ಬೇಕಲ್ಲ, ಆಗ ಕೆಲಸದ ವಿವರ ಬರುತ್ತದೆ. ಉಡುಪಿ ಸೀರೆಯನ್ನೇ ನೋಡಿ. 2016ರಲ್ಲಿ ಅದಕ್ಕೆ ಜಿಐ, ಅಂದರೆ ಊರಿನ ಹೆಸರಿಗೆ ರಕ್ಷಣೆ ಕೊಡುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘ, ಕದಿಕೆ ಟ್ರಸ್ಟ್‌ನವರು ಅದನ್ನು ಮತ್ತೆ ಎತ್ತಿ ನಿಲ್ಲಿಸಲು ದುಡಿದರು. ಕೊಳ್ಳುವವರ ಮನಸ್ಸಿಗೆ ಹೊಕ್ಕದ್ದು ಕೈಮಗ್ಗ, ಹತ್ತಿ ನೂಲು, ಮಗ್ಗದ ಮುಂದೆ ಉಳಿದಿದ್ದ ಕೆಲವೇ ಹಿರಿಯ ನೇಕಾರರು ಎಂಬ ವಿಷಯ. “ಉತ್ಕೃಷ್ಟ ಗುಣಮಟ್ಟ” ಎಂದು ಎಲ್ಲ ಜವಳಿ ಅಂಗಡಿಯವರೂ ಬರೆಯುತ್ತಾರೆ. ನೀವು ಅಡಿಕೆ ಹಾಳೆಯ ಮೇಲೆ ಚಿತ್ರ ಬರೆಯುವವರಾದರೆ ಹಾಳೆಯನ್ನು ಎಷ್ಟು ದಿನ ಒಣಗಿಸುತ್ತೀರಿ, ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಏನು ಮಾಡುತ್ತೀರಿ ಎಂದು ಬರೆಯಿರಿ. ಕರಾವಳಿಯ ಗ್ರಾಹಕರಿಗೆ ಬೂಷ್ಟಿನ ಉತ್ತರ ಎಲ್ಲಕ್ಕಿಂತ ಮುಖ್ಯ.

ವಾಟ್ಸಾಪಿನ ಬಗ್ಗೆ ಒಂದು ತಾಂತ್ರಿಕ ಸಂಗತಿ. ಒಂದೇ ಸಂದೇಶವನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಸಂದೇಶ ತಲಪುತ್ತದೆ. ಪ್ರದರ್ಶನಕ್ಕೆ ಬಂದವರ ನಂಬರುಗಳನ್ನು ಪುಸ್ತಕದಲ್ಲಿ ಬರೆಸಿಕೊಂಡು ಖುಷಿಪಡುವವರನ್ನು ತುಂಬ ನೋಡಿದ್ದೇನೆ. ಅವರ ಫೋನಿನಲ್ಲಿ ನಿಮ್ಮ ನಂಬರು ಇಲ್ಲದಿದ್ದರೆ ದೀಪಾವಳಿಗೆ ನೀವು ಕಳಿಸಿದ್ದು ಅವರಿಗೆ ಸಿಕ್ಕುವುದೇ ಇಲ್ಲ. ಎದುರಿಗಿರುವಾಗಲೇ “ನನ್ನ ನಂಬರ್ ಸೇವ್ ಮಾಡ್ಕೊಳ್ಳಿ ಅಕ್ಕಾ” ಅನ್ನಬೇಕು, ಅಷ್ಟೇ.

ಗೂಗಲ್ ಮ್ಯಾಪಿನ ಬಿಸಿನೆಸ್ ಪ್ರೊಫೈಲ್ ಪುಕ್ಕಟೆ. ಮನೆಯಿಂದಲೇ ಕೆಲಸ ಮಾಡುವ ಹೆಣ್ಣುಮಕ್ಕಳು ವಿಳಾಸ ಕಾಣುತ್ತದೆಂದು ಅದನ್ನು ಬಿಡುತ್ತಾರೆ. ಗ್ರಾಹಕರು ಮನೆಗೆ ಬರುವ ಕಸುಬಲ್ಲದಿದ್ದರೆ ವಿಳಾಸ ಮರೆಮಾಡಿ, ಉಡುಪಿ, ಮಣಿಪಾಲ, ಕುಂದಾಪುರ ಎಂದು ಸೇವೆ ಕೊಡುವ ಊರುಗಳನ್ನಷ್ಟೇ ತೋರಿಸಬಹುದು. ವಿಮರ್ಶೆ ಬರೆದವರಿಗೆ ರಿಯಾಯಿತಿ ಕೊಡುವುದು ಮಾತ್ರ ಗೂಗಲ್ ನಿಯಮಕ್ಕೆ ವಿರುದ್ಧ.

ಫ್ಲೆಕ್ಸಿನ ಬಗ್ಗೆ ನನ್ನನ್ನು ಕೇಳಲೇಬೇಡಿ. 2016ರಿಂದ ರಾಜ್ಯದಲ್ಲಿ ನಿಷೇಧವಿದೆ; ಆದರೂ ಮೂರು ಮಾರ್ಗ ಸೇರುವಲ್ಲೆಲ್ಲ ನಗುವ ಮುಖಗಳು. ಅವುಗಳ ಮಧ್ಯೆ ನಿಮ್ಮದನ್ನು ಯಾರು ಓದುತ್ತಾರೆ?

ಕಾಲ ನೋಡಿ ಹೊರಡುವುದೂ ಪ್ರಚಾರದ ಭಾಗವೇ. ಸಮಸಂಖ್ಯೆಯ ವರ್ಷದ ಜನವರಿಯಲ್ಲಿ ಉಡುಪಿಯ ಪರ್ಯಾಯ, ಅಂದರೆ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ ಬರುತ್ತದೆ. 18ನೇ ತಾರೀಕಿನ ಹಿಂದುಮುಂದಿನ ದಿನಗಳಲ್ಲಿ ಸ್ಥಳೀಯ ಪುಟದ ತುಂಬ ಹೊರೆಕಾಣಿಕೆ, ಪುರಪ್ರವೇಶ. ಆ ವಾರ ನಿಮ್ಮ ಸಂಸ್ಥೆಯ ಸುದ್ದಿಗೆ ಜಾಗ ಹುಡುಕುವುದು ವ್ಯರ್ಥ. ತುಳುನಾಡಿನ ಉತ್ಸವಗಳ ಕಾಲ ಮುಗಿಯುವ ದಿನವಾದ ಪತ್ತನಾಜೆ ಕಳೆದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಜಾತ್ರೆಗಳು ನಿಲ್ಲುತ್ತವೆ, ಮಳೆ ಬರುತ್ತದೆ. ಎಲ್ಲರೂ ಸುಮ್ಮನಿರುವ ಆ ತಿಂಗಳುಗಳಲ್ಲಿ ವರದಿಗಾರರೊಬ್ಬರನ್ನು ನಿಮ್ಮಲ್ಲಿಗೆ ಕರೆದು ಕೂರಿಸಿ ಮಾತಾಡಿದರೆ ಅರ್ಧ ಪುಟದ ಲೇಖನ ಆಗುವ ಸಾಧ್ಯತೆ ಹೆಚ್ಚು. ತುಳುವಿನ ಆಟಿ ತಿಂಗಳ ಆಚರಣೆಯಾದ ಆಟಿಡೊಂಜಿ ದಿನ ಮಾಡುವವರು ಊರಿಡೀ ಇದ್ದಾರೆ, ನೀವು ಬೇರೆ ಏನಾದರೂ ಮಾಡಿ. ಸಮುದಾಯ ಬಾನುಲಿಗಳನ್ನೂ ಮರೆಯಬೇಡಿ: ಮಂಗಳೂರಿನಲ್ಲಿ 107.8ರ ರೇಡಿಯೋ ಸಾರಂಗ್, ಮಣಿಪಾಲದಲ್ಲಿ 90.4ರ ರೇಡಿಯೋ ಮಣಿಪಾಲ್. ಊರಿನ ಜನ ಊರಿನ ವಿಷಯ ಮಾತಾಡಲೆಂದೇ ಇರುವ ಕೇಂದ್ರಗಳು ಅವು. ಸಂಕೋಚದವರಿಗೆ ಕ್ಯಾಮೆರಾಕ್ಕಿಂತ ಮೈಕ್ ಹಿತ.

ಇನ್ನು ದಾನ ಕೇಳುವ ಪೋಸ್ಟರುಗಳು. ಇಲ್ಲಿ ನಾನು ಸ್ವಲ್ಪ ಬಿಗಿ. ಆಶ್ರಯ ಕೊಟ್ಟ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ಹಾಕುವ ಸಂಸ್ಥೆಗಳು ಇನ್ನೂ ಇವೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಪಾಲನೆ, ರಕ್ಷಣೆ ಬೇಕಾದ ಮಗುವಿನ ಹೆಸರು, ಶಾಲೆ, ಗುರುತು ಸಿಗುವ ಚಿತ್ರ ಪ್ರಕಟಿಸುವಂತಿಲ್ಲ. ಆರು ತಿಂಗಳವರೆಗೆ ಸಜೆ, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಕಾನೂನು ಬದಿಗಿಡಿ, ಆ ಮಗು ನಾಳೆ ಕಾಲೇಜಿಗೆ ಹೋಗುವಾಗಲೂ ಆ ಫೋಟೋ ಯಾರದೋ ಫೋನಿನಲ್ಲಿ ಇರುತ್ತದೆ. ಅದರ ಬದಲು ತಿಂಗಳ ಜಿನಸಿನ ಬಿಲ್ ಹಾಕಿ. ಅಕ್ಕಿಗೆ ಇಷ್ಟು, ಹಾಲಿಗೆ ಇಷ್ಟು ಎಂಬ ಲೆಕ್ಕ ನೋಡಿದರೆ ಕೊಡುವವರಿಗೆ ನಂಬಿಕೆ ಬರುತ್ತದೆ, “ಹಾಲು ನನ್ನ ಲೆಕ್ಕಕ್ಕೆ ಇರಲಿ” ಅನ್ನಲು ದಾರಿಯೂ ಆಗುತ್ತದೆ.

ಚಿಕಿತ್ಸೆಗೆ ನೆರವು ಕೇಳುವ ಪೋಸ್ಟರಿನಲ್ಲಿ ತಾರೀಕು, ಬೇಕಾದ ಮೊತ್ತ, ಕೊನೆಯ ದಿನ ಇರಲಿ. ಹಣ ಕೂಡಿದ ಮೇಲೆ “ಸಾಕಾಯಿತು, ಇನ್ನು ಕಳಿಸಬೇಡಿ” ಎಂಬ ಇನ್ನೊಂದು ಪೋಸ್ಟರನ್ನು ಅದೇ ಗ್ರೂಪುಗಳಿಗೆ ಬಿಡಿ. ತಾರೀಕಿಲ್ಲದ ಪೋಸ್ಟರು ವರ್ಷಗಟ್ಟಲೆ ಸುತ್ತುತ್ತದೆ.

ನಮ್ಮ ಕಡೆ ಪೋಸ್ಟರು ಮೊದಲು ಹೋಗುವುದೇ ದುಬೈ, ಮಸ್ಕತ್, ದೋಹಾದ ಗ್ರೂಪುಗಳಿಗೆ. ಅಲ್ಲಿ ದುಡಿಯುವವರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರಾಗಿದ್ದು, ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಆದರೆ ಕೆನಡಾದ ಪೌರತ್ವ ಪಡೆದವರು ಕೊಟ್ಟರೆ, ಅವರ ಕುಟುಂಬದ ಮನೆ ಮೂಲ್ಕಿಯಲ್ಲೇ ಇರಲಿ, ಭಾರತ ಮೂಲದ ವಿದೇಶಿ ಪೌರರಿಗೆ ಸಿಗುವ ಓಸಿಐ ಕಾರ್ಡ್ ಇರಲಿ, ಅದು ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಅನುಮತಿ ಇಲ್ಲದ ಸಂಸ್ಥೆ ಅದನ್ನು ಮುಟ್ಟುವಂತಿಲ್ಲ. ಅನುಮತಿ ಇದ್ದವರೂ 2020ರ ತಿದ್ದುಪಡಿಯ ಮೇಲೆ ಅದನ್ನು ಎಸ್‌ಬಿಐಯ ಹೊಸದಿಲ್ಲಿ ಮುಖ್ಯ ಶಾಖೆಯ ಖಾತೆಯಲ್ಲೇ ಪಡೆಯಬೇಕು. ಕ್ಯೂಆರ್ ಕೋಡಿನ ಕೆಳಗೆ “ಭಾರತೀಯ ಪೌರರಿಂದ ಮಾತ್ರ” ಎಂಬ ಸಾಲು ಹಾಕಿಸಿ, ನಿಮ್ಮ ಲೆಕ್ಕಪರಿಶೋಧಕರಿಗೆ ಒಮ್ಮೆ ತೋರಿಸಿ.

ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ನೋಂದಣಿ ಇದ್ದ ಸಂಸ್ಥೆಯವರು “ಪೂರ್ತಿ ತೆರಿಗೆ ವಿನಾಯಿತಿ” ಎಂದು ಬರೆಯುವುದೂ ತಪ್ಪು. ಸಾಮಾನ್ಯವಾಗಿ ಕೊಟ್ಟದ್ದರ ಅರ್ಧ ಮೊತ್ತವನ್ನು ಆದಾಯದಿಂದ ಕಳೆಯಬಹುದು. 2,000 ರೂಪಾಯಿ ಮೀರಿದ ನಗದಿಗೆ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಅದೂ ಇಲ್ಲ.

ಕೊನೆಗೆ, ಕಲಾವಿದರೆಲ್ಲರೂ ಕೇಳಿರುವ ಮಾತು: “ಒಂದು ಚಿತ್ರ ಹಾಗೇ ಮಾಡಿಕೊಡಿ, ನಿಮಗೂ ಪ್ರಚಾರ ಆಗ್ತದೆ.” ಸಿಟ್ಟು ಮಾಡಬೇಡಿ. ಕೆಲವು ಸಲ ಅದು ಒಳ್ಳೆಯ ವ್ಯವಹಾರವೇ. ಆದರೆ ಪ್ರಚಾರ ಎಂಬುದನ್ನು ಬಿಡಿಸಿ ಕೇಳಿ. ಆಮಂತ್ರಣದಲ್ಲಿ ಹೆಸರು ಬರುತ್ತದಾ, ಫೋನ್ ನಂಬರ್ ಸಮೇತ ಬರುತ್ತದಾ? ಸಭಾಂಗಣದ ಬಾಗಿಲಲ್ಲಿ ಒಂದು ಮೇಜು ಸಿಗುತ್ತದಾ? ಉತ್ತರ ವಾಟ್ಸಾಪಿನಲ್ಲಿ ಬರಹದಲ್ಲಿ ಬರಲಿ. ಮೈಕಿನಲ್ಲಿ ಹೆಸರು ಹೇಳುತ್ತೇವೆ ಅಂದರೆ ಯಾವ ಹೊತ್ತಿಗೆ ಅಂತಲೂ ಕೇಳಿ. ಊಟಕ್ಕೆ ಎದ್ದ ಮೇಲೆ ಹೇಳಿದರೆ ಕೇಳಿಸಿಕೊಳ್ಳಲು ಶಾಮಿಯಾನದವರ ಕುರ್ಚಿಗಳು ಮಾತ್ರ ಇರುತ್ತವೆ.